ಪಾದದ ಹಿಡಿತ: ದಾವಣಗೆರೆ ಸೀಮೆಯ ಬಡಗಿತನ, ಬಿಲ್ಲು ಮತ್ತು ಕೀಸುಮಣೆ

ಕೆತ್ತುವಾಗ ಮರ ಅಲುಗಬಾರದು. ಅಲುಗದಂತೆ ಹಿಡಿಯುವ ಬಗೆಯನ್ನು ಒಂದೊಂದು ನಾಡಿನ ಬಡಗಿಗಳು ಒಂದೊಂದು ರೀತಿಯಲ್ಲಿ ಕಂಡುಕೊಂಡರು. ಮರಗೆಲಸದ ಚರಿತ್ರೆಯಲ್ಲಿ ಉಳಿ, ಬಾಚಿ, ಗರಗಸಗಳಿಗೆ ಸಿಕ್ಕ ಜಾಗ ಈ ಹಿಡಿತಕ್ಕೆ ಸಿಕ್ಕಿಲ್ಲ. ಯುರೋಪಿನ ಶೇವಿಂಗ್ ಹಾರ್ಸ್ ಎಂಬ ಸಾಧನವನ್ನು ನಮ್ಮ ಬಡಗಿಯ ಪಾದದ ಪಕ್ಕದಲ್ಲಿಟ್ಟು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ.

ಆ ಸಾಧನವನ್ನು ಇಲ್ಲಿ ಕೀಸುಮಣೆ ಎಂದು ಕರೆಯುತ್ತೇನೆ. ಕಾಲುಗಳಿರುವ ಉದ್ದನೆಯ ಮಣೆಯ ಮೇಲೆ ಕೆಲಸಗಾರ ಕುದುರೆ ಏರಿದಂತೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ಮುಂದೆ ಓರೆಯಾದ ಹಲಗೆ. ಹಲಗೆಯನ್ನೂ ಮಣೆಯನ್ನೂ ತೂರಿ ಇಳಿದ ಒಂದು ತೋಳು. ತೋಳಿನ ನೆತ್ತಿಯಲ್ಲಿ ದಪ್ಪ ತಲೆ, ಬುಡದಲ್ಲಿ ಮೆಟ್ಟು. ಮೆಟ್ಟನ್ನು ಮುಂದಕ್ಕೆ ತಳ್ಳಿದರೆ ತಲೆ ಹಿಂದಕ್ಕೆ ಬಾಗಿ ಮರವನ್ನು ಹಲಗೆಗೆ ಒತ್ತುತ್ತದೆ. ತೋಳು ತಿರುಗುವ ಗೂಟದಿಂದ ತಲೆ ಇರುವ ದೂರಕ್ಕಿಂತ ಮೆಟ್ಟು ಎರಡು ಪಾಲು ದೂರವಿದ್ದರೆ ಪಾದದ ಬಲ ತಲೆಯಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೆಲಸಗಾರ ಎರಡು ಹಿಡಿಯ ಎಳೆಗತ್ತಿಯನ್ನು ತನ್ನತ್ತ ಎಳೆದಾಗ ಮೈ ಹಿಂದಕ್ಕೆ ವಾಲಿ ಪಾದ ತಾನಾಗಿ ಮುಂದಕ್ಕೆ ಒತ್ತುತ್ತದೆ. ಹೀಗೆ ಕತ್ತಿ ಎಷ್ಟು ಬಲವಾಗಿ ಎಳೆಯುತ್ತದೋ ಹಿಡಿತವೂ ಅಷ್ಟೇ ಬಿಗಿ. 1556ರಲ್ಲಿ ಅಚ್ಚಾದ ಜಾರ್ಜಿಯಸ್ ಅಗ್ರಿಕೋಲನ ಗಣಿಗಾರಿಕೆಯ ಗ್ರಂಥದ ಚಿತ್ರಗಳಲ್ಲೇ ಈ ಸಾಧನ ಕಾಣಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಹೈ ವಿಕಂಬ್ ಸುತ್ತಲ ಬೀಚ್ ಕಾಡುಗಳಲ್ಲಿ ಕುರ್ಚಿಕಾಲು ಮಾಡುತ್ತಿದ್ದವರು ಇಪ್ಪತ್ತನೆಯ ಶತಮಾನದವರೆಗೂ ಇದರ ಮೇಲೆ ಕೂತು ದುಡಿದರು.

ಲೋಕಿಕೆರೆಯಂಥ ದಾವಣಗೆರೆ ಬಯಲಿನ ಊರುಗಳಲ್ಲಿ ಬಡಗಿಯ ಮುಖ್ಯ ಕೆಲಸವೆಂದರೆ ಬೇಸಾಯದ ಸಾಮಾನು: ನೇಗಿಲು, ನೊಗ, ಮೇಳಿ, ಕುಂಟೆ, ಎಡೆಕುಂಟೆ, ಕೂರಿಗೆ. ಕೂಲಿ ಸಲ್ಲುತ್ತಿದ್ದದ್ದು ಸುಗ್ಗಿಯಲ್ಲಿ, ಕಣದಲ್ಲಿ ಅಳೆದುಕೊಡುವ ಆಯದ ರೂಪದಲ್ಲಿ. ಕರಿಜಾಲಿಯ ತುಂಡೊಂದನ್ನು ಕೊರಡಿನ ಮೇಲಿಟ್ಟು, ಒಂದು ತುದಿಯನ್ನು ಪಾದದಿಂದ ಅದುಮಿ, ಎಡಗೈಯಲ್ಲಿ ತಿರುಗಿಸುತ್ತ, ಬಲಗೈಯ ಬಾಚಿಯಿಂದ ಸವರುವುದು ಅವನ ರೀತಿ. ಸಣ್ಣ ಕೆಲಸವಾದರೆ ಎರಡೂ ಅಂಗಾಲುಗಳ ನಡುವೆಯೇ ಮರ ಸಿಕ್ಕಿಕೊಳ್ಳುತ್ತದೆ.

ಎಳೆಗತ್ತಿ ಎರಡೂ ಕೈಗಳನ್ನು ಬೇಡುತ್ತದೆ. ಮರ ಹಿಡಿಯಲು ಕೈ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಯಂತ್ರದ ಹಿಡಿತ ಹುಟ್ಟಿತು. ಬಾಚಿ ಒಂದು ಕೈಯ ಸಲಕರಣೆ. ಇನ್ನೊಂದು ಕೈ, ಜೊತೆಗೆ ಪಾದ, ಮರಕ್ಕೆ ಮೀಸಲು. ಹಾಗಾಗಿ ನಮ್ಮ ಬಡಗಿಯ ಬಳಿ ಕೀಸುಮಣೆ ಇಲ್ಲದಿರುವುದನ್ನು ಕೊರತೆ ಎಂದು ಲೆಕ್ಕಹಾಕುವುದು ತಪ್ಪು. ನೆಲದ ಮೇಲೆ ಕುಳಿತು, ಪಾದವನ್ನು ದುಡಿಮೆಗೆ ಹಚ್ಚುವ ಈ ರೂಢಿ ಅಡುಗೆಮನೆಯಲ್ಲೂ ಇದೆ. ಈಳಿಗೆಮಣೆಯಲ್ಲಿ ಕಾಲು ಅಲಗನ್ನು ಅಲುಗದಂತೆ ಹಿಡಿಯುತ್ತದೆ, ಎರಡೂ ಕೈ ತರಕಾರಿಯನ್ನು ಆಡಿಸುತ್ತವೆ.

ಬಾಚಿಯ ಹಿರಿತನಕ್ಕೆ ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲೇ ಸಾಕ್ಷಿಯಿದೆ. ಬಡಗಿ ವೃತ್ತಿಯ ವಚನಕಾರನನ್ನು ಪರಂಪರೆ ನೆನೆಯುವುದು ಬಾಚಿಕಾಯಕದ ಬಸವಯ್ಯ ಎಂದು. ಅವನ ಹೆಂಡತಿ ಕಾಳವ್ವೆಯೂ ವಚನಕಾರ್ತಿ. ಇಡೀ ವೃತ್ತಿಗೆ ಗುರುತಾಗಿ ನಿಂತದ್ದು ಗರಗಸವಲ್ಲ, ಉಳಿಯಲ್ಲ, ಬಾಚಿ.

ಹೊರಗಿನವರ ಕಣ್ಣಿಗೆ ಇದು ಬೇರೆಯಾಗಿ ಕಂಡಿತು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹರಿಹರ, ದಾವಣಗೆರೆಗಳ ಮೂಲಕ ಹಾದುಹೋದ. 1807ರಲ್ಲಿ ಪ್ರಕಟವಾದ ಅವನ ಮೂರು ಸಂಪುಟಗಳಲ್ಲಿ ಕೂರಿಗೆ, ಕುಂಟೆಗಳ ವಿವರ ಶ್ರದ್ಧೆಯಿಂದ ದಾಖಲಾಗಿದೆ. ಹತ್ತು ವರ್ಷದ ತರುವಾಯ, ಭಾರತಕ್ಕೆ ಕಾಲಿಡದೆಯೇ ಅದರ ಇತಿಹಾಸ ಬರೆದ ಜೇಮ್ಸ್ ಮಿಲ್, ಸಲಕರಣೆಗಳ ಸರಳತೆಯನ್ನು ನಾಗರಿಕತೆಯ ಹಿಂದುಳಿದಿರುವಿಕೆಯ ಗುರುತೆಂದು ಎಣಿಸಿದ. ಅವನ ಎಣಿಕೆಯಲ್ಲಿ ಒಂದು ದೊಡ್ಡ ದೋಷವಿದೆ. ಸಾಲುಗಳ ನಡುವೆ ಸಮ ಅಂತರ ಬಿಟ್ಟು ಬೀಜ ಉದುರಿಸುವ ಕೂರಿಗೆಯ ಬಟ್ಟಲನ್ನೂ ಅದರ ತೂತುಗಳನ್ನೂ ಕೆತ್ತಿದ್ದು ಇದೇ ‘ಸರಳ’ ಸಲಕರಣೆ ಮತ್ತು ಇದೇ ಪಾದ. ಸಲಕರಣೆಯಿಂದ ಇಳಿಸಿದ್ದು ಮೈಯ ಪಳಗಿಕೆಗೆ ಸೇರಿತ್ತು. ಪಳಗಿಕೆಯನ್ನು ಪಟ್ಟಿ ಮಾಡುವ ಬಗೆ ಮಿಲ್‌ಗೆ ತಿಳಿದಿರಲಿಲ್ಲ.

ಇನ್ನು ಬಿಲ್ಲಿನ ಮಾತು. ಹಳೆಯ ಬಿಲ್ಲುಗಳ ಕಚ್ಚಾ ಸಾಮಗ್ರಿಯ ಬಗ್ಗೆ ಸ್ಪಷ್ಟವಾಗಿ ಹೇಳುವ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಇದರ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ತಾಳೆ, ಬಿದಿರು, ಮರ, ಕೊಂಬು ಈ ನಾಲ್ಕರಿಂದ ಬಿಲ್ಲು ಮಾಡಬಹುದೆಂದು ಅದು ಹೇಳುತ್ತದೆ; ಹೆದೆಗೆ ಎಕ್ಕ, ಸೆಣಬು, ಪ್ರಾಣಿಗಳ ನರ ಮೊದಲಾದವುಗಳ ನಾರನ್ನು ಹೆಸರಿಸುತ್ತದೆ. ಬೇಲೂರಿನ ಮದನಿಕೆಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಇದ್ದಾಳೆ, ಹಳೇಬೀಡಿನ ಗೋಡೆಯಲ್ಲಿ ಕರ್ಣಾರ್ಜುನರ ಕಾಳಗವಿದೆ, ನಾಡಿನ ವೀರಗಲ್ಲುಗಳಲ್ಲಿ ಬಿಲ್ಲಾಳುಗಳಿದ್ದಾರೆ. ಬಿಲ್ಲು ಬಳಸುವವರನ್ನು ಕಲ್ಲು ಉಳಿಸಿಕೊಂಡಿತು. ಬಿಲ್ಲು ಮಾಡುವವನಿಗೆ ಆ ಭಾಗ್ಯ ಸಿಗಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಅವನ ಕೆಲಸವನ್ನು ಬಿದಿರಿನ ಗುಣದಿಂದಲೇ ಊಹಿಸಬಹುದು. ಬಿದಿರಿನ ನಾರು ಹೊರಮೈಗೆ ಹತ್ತಿರವಾದಷ್ಟೂ ದಟ್ಟ. ಹೆದೆ ಎಳೆದಾಗ ಬಿಲ್ಲಿನ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಆದ್ದರಿಂದ ಹೊರಮೈಯನ್ನು ಬೆನ್ನಾಗಿ ಉಳಿಸಿಕೊಂಡು, ಒಳಮೈಯಿಂದ ಮಾತ್ರ ಹೆರೆಯಬೇಕು. ಇಲ್ಲಿ ಬಾಚಿಯ ಪೆಟ್ಟು ಆರಂಭದ ಒರಟು ಕೆಲಸಕ್ಕಷ್ಟೆ. ಆಮೇಲೆ ಎಳೆಎಳೆಯಾಗಿ ಹೆರೆದು, ಬಗ್ಗಿಸಿ ನೋಡಿ, ಯಾವ ಬದಿ ಗಡುಸೋ ಅಲ್ಲಿ ಮತ್ತೆ ಹೆರೆಯಬೇಕು. ಎರಡು ರೆಕ್ಕೆಗಳೂ ಒಂದೇ ಬಾಗು ಬಾಗುವವರೆಗೆ ಇದು ನಡೆಯುತ್ತದೆ. ಮರವನ್ನು ಪದೇ ಪದೇ ಬಿಡಿಸಿ ಮತ್ತೆ ಹಿಡಿಯಬೇಕಾದ ಇಂಥ ಕೆಲಸಕ್ಕೆ ಕೀಸುಮಣೆ ಹೇಳಿ ಮಾಡಿಸಿದಂತಿದೆ: ಪಾದ ಎತ್ತಿದರೆ ಸಡಿಲ, ಒತ್ತಿದರೆ ಬಿಗಿ.

ಪಾದ ಇನ್ನೊಂದು ಕಡೆಯೂ ದುಡಿದಿದೆ. ಚನ್ನಪಟ್ಟಣದ ಹಳೆಯ ಕೈಚರಕಿಯಲ್ಲಿ ಆಲೆಮರದ ತುಂಡನ್ನು ತಿರುಗಿಸುತ್ತಿದ್ದುದು ಬಿಲ್ಲೇ. ಅದರ ಹೆದೆ ಮರಕ್ಕೆ ಸುತ್ತಿಕೊಂಡಿರುತ್ತಿತ್ತು. ಒಂದು ಕೈ ಬಿಲ್ಲನ್ನು ಹಿಂದೆ ಮುಂದೆ ಎಳೆದರೆ, ಉಳಿಯನ್ನು ಇನ್ನೊಂದು ಕೈ ಮತ್ತು ಕಾಲ್ಬೆರಳುಗಳು ಸೇರಿ ನಡೆಸುತ್ತಿದ್ದವು. ತಿರುಗಿಸಿ ಕಡೆಯುವ ವಿದ್ಯೆಯ ಇನ್ನೂ ದೊಡ್ಡ ರೂಪ ಹರಿಹರದಲ್ಲೇ ಇದೆ: ಹೊಯ್ಸಳ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದ ಕಡೆದ ಕಂಬಗಳು. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸಿತು. ಕೈ ಬೆರಳು, ಕಾಲ್ಬೆರಳು ಉಳಿಗೆ ಕೊಡುತ್ತಿದ್ದ ಹಿಡಿತವನ್ನು ಅಲ್ಲಿ ಕಬ್ಬಿಣದ ಟೂಲ್ ಪೋಸ್ಟ್ ವಹಿಸಿಕೊಂಡಿತು.

ಹಳ್ಳಿಯ ಬಡಗಿತನ ಕುಂದಿದ್ದಕ್ಕೆ ಕಾರಣಗಳು ಬೇರೆ. ಭದ್ರಾ ನಾಲೆಯ ನೀರು ಹರಿದ ಕಡೆ ಭತ್ತ ಬಂತು. ನಾಟಿ ಮಾಡುವ ಗದ್ದೆಗೆ ಕೂರಿಗೆ ಬೇಡ. ಉಳಿದ ಹೊಲಗಳಿಗೆ ಕಬ್ಬಿಣದ ಕುಂಟೆ, ಟ್ರ್ಯಾಕ್ಟರ್ ಬಂದವು.

ಇಂದು ಇಲ್ಲಿ ಯಾರಾದರೂ ಕೀಸುಮಣೆ ಕಟ್ಟಲು ಹೊರಟರೆ ಅವರಿಗೆ ಮರ ಹುಡುಕುವ ಕಷ್ಟವಿಲ್ಲ. ಮಣೆಗೆ ಬೇವು ಸಾಕು. ಪೆಟ್ಟು, ಸವೆತ ತಿನ್ನುವ ತಲೆ ಮತ್ತು ಗೂಟಕ್ಕೆ ಗಾಡಿಚಕ್ರಕ್ಕೆ ಬಳಸುವ ಕರಿಜಾಲಿಯೇ ಆಗಬೇಕು. ಎತ್ತರ ಒಂದೂವರೆ ಅಡಿಯ ಆಸುಪಾಸು, ಕೂರುವವರ ಮಂಡಿಯ ಅಳತೆಗೆ. ಬಿಲ್ಲಿಗಾದರೆ ಎರಡು ಕಂಬದ ಚೌಕಟ್ಟಿಗಿಂತ ನಡುವೆ ಒಂದೇ ತೋಳಿರುವ ಬಗೆ ಲೇಸು; ಉದ್ದನೆಯ ಬಿದಿರನ್ನು ತುದಿಯಿಂದ ತೂರಿಸದೆ ಪಕ್ಕದಿಂದಲೇ ಇಡಬಹುದು, ತೆಗೆಯಬಹುದು. ಗೂಟ ಕೂರುವ ತೂತುಗಳನ್ನು ಮೇಲೆ ಕೆಳಗೆ ಎರಡು ಮೂರು ಕಡೆ ಬೈರಿಗೆಯಿಂದ ಕೊರೆದಿಟ್ಟರೆ, ದಪ್ಪ ಹಿಡಿಯ ನಡುಭಾಗಕ್ಕೂ ಹೆದೆ ಕಟ್ಟುವ ತೆಳುವಾದ ಕೊಪ್ಪಿಗೂ ಅದೇ ತೋಳು ಒಗ್ಗುತ್ತದೆ.