ನೋವು ನಟನೆ, ಪರೀಕ್ಷೆ ನಿಜ
ಪರೀಕ್ಷಾ ಕೋಣೆಯಲ್ಲಿ ಎದೆನೋವು ಅಂತ ಕೂತಿರೋ ವ್ಯಕ್ತಿಗೆ ನೋವಿಲ್ಲ. ಅವರು ಸಿಮ್ಯುಲೇಟೆಡ್ ಪೇಷೆಂಟ್, ಅಂದರೆ ರೋಗಿಯ ಪಾತ್ರಕ್ಕೆ ತರಬೇತಿ ಪಡೆದವರು. ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ 1963ರಲ್ಲಿ ಇದನ್ನು ಶುರು ಮಾಡಿದರು. 1975ರಲ್ಲಿ ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ ಪರಿಚಯಿಸಿದ ‘ಆಸ್ಕಿ’ ಪರೀಕ್ಷೆಯಲ್ಲಿ ಎಲ್ಲರಿಗೂ ಅದೇ ಕೇಸು, ಅದೇ ಸಮಯ, ಅದೇ ಚೆಕ್‌ಲಿಸ್ಟ್. ಸುಲಭದ ರೋಗಿ ಸಿಕ್ಕವರು ಪಾಸು ಅನ್ನೋ ಲಾಟರಿ ಇದರಿಂದ ತಗ್ಗುತ್ತೆ.

ಆದರೆ ಖರ್ಚು ಜಾಸ್ತಿ. ಅಮೆರಿಕದ ಲೈಸೆನ್ಸ್ ಪರೀಕ್ಷೆಯಲ್ಲಿ 2004ರಿಂದ ಇದ್ದ ಇಂಥ ಭಾಗವನ್ನು ದುಬಾರಿ ಅಂತ ವಿದ್ಯಾರ್ಥಿಗಳೇ ವಿರೋಧಿಸಿದ್ದರು. ಕೋವಿಡ್‌ನಲ್ಲಿ ನಿಂತಿದ್ದು 2021ರಲ್ಲಿ ರದ್ದೇ ಆಯ್ತು.

ನಮ್ಮ 2019ರ ಎಂಬಿಬಿಎಸ್ ಪಠ್ಯಕ್ರಮ ರೋಗಿಯೊಂದಿಗೆ ಮಾತಾಡೋದನ್ನೂ ಕಲಿಸಬೇಕು ಅನ್ನುತ್ತೆ. ಕಲಬುರಗಿಯ ಅಜ್ಜಿಯ ಕನ್ನಡ ಅರ್ಥವಾಗದಿದ್ದರೆ ಎಂಸಿಕ್ಯೂನಲ್ಲಿ ಎಷ್ಟು ಅಂಕ ಬಂದರೇನು? ಅದನ್ನು ಅಳೆಯೋಕೆ ಕನ್ನಡ ಮಾತಾಡೋ ‘ರೋಗಿ’ಯೇ ಬೇಕು.