ಅಗ್ನಿಸೂಚಕ ವ್ಯವಸ್ಥೆ

ಕಟ್ಟಡದಲ್ಲಿ ಹುಟ್ಟಿದ ಬೆಂಕಿ ಹಬ್ಬುವ ಮುನ್ನವೇ ಅದರ ಹೊಗೆಯನ್ನೋ ಉಷ್ಣವನ್ನೋ ಗ್ರಹಿಸಿ ಜನರನ್ನು ಎಚ್ಚರಿಸುವ ವಿದ್ಯುತ್ ಸಾಧನಗಳ ಸಮೂಹ. ಚಿತ್ರದುರ್ಗದ ಕೋಟೆಯಲ್ಲಿ ಕಹಳೆಯವನಿಗಿದ್ದ ಎಚ್ಚರಿಸುವ ಕರ್ತವ್ಯವೇ ಇಂದು ಇದರ ಪಾಲಿಗೆ ಬಂದಿದೆ.

ಛಾವಣಿಯಲ್ಲಿ ಕೂರಿಸಿದ ಧೂಮಶೋಧಕದ ಕತ್ತಲ ಕೋಶದೊಳಗೆ ಬೆಳಕಿನ ಕಿರಣವೊಂದು ಗ್ರಾಹಕವನ್ನು ಸೋಕದೆ ಹಾಯುತ್ತಿರುತ್ತದೆ; ಹೊಗೆಯ ಕಣಗಳು ಒಳಹೊಕ್ಕೊಡನೆ ಆ ಬೆಳಕು ಚದರಿ ಗ್ರಾಹಕದ ಮೇಲೆ ಬೀಳಲು, ಸಂಕೇತವು ತಂತಿಯ ಮೂಲಕ ನಿಯಂತ್ರಣ ಫಲಕವನ್ನು ಸೇರಿ, ಅಪಾಯ ಯಾವ ಅಂತಸ್ತಿನ ಯಾವ ಭಾಗದಲ್ಲೆಂಬುದನ್ನು ತೋರಿಸಿ, ಸೈರನ್ನುಗಳನ್ನು ಮೊಳಗಿಸುತ್ತದೆ. ಕರೆಂಟು ಹೋದರೂ ಬ್ಯಾಟರಿ ಇದನ್ನು ನಡೆಸುತ್ತದೆ. ಬೆಂಕಿಯನ್ನು ಕಣ್ಣಾರೆ ಕಂಡವರು ಒತ್ತಲೆಂದು ಮೆಟ್ಟಿಲ ಬಳಿ ಕೆಂಪು ಪೆಟ್ಟಿಗೆಯಿರುತ್ತದೆ.

ಆದರೆ ಸ್ಥಳವಿವೇಕವಿಲ್ಲದೆ ಕೂರಿಸಿದ ಶೋಧಕಗಳು ನಿಷ್ಪ್ರಯೋಜಕ. ಹೊಳಲ್ಕೆರೆಯಲ್ಲಿ ಅಡಿಕೆ ಬೇಯಿಸುವೆಡೆಯ ಹಬೆಯೂ ಚಿತ್ರದುರ್ಗದ ಹತ್ತಿ ಜಿನ್ನಿಂಗ್ ಮಿಲ್ಲಿನ ಧೂಳೂ ಧೂಮಶೋಧಕವನ್ನು ಸುಮ್ಮಸುಮ್ಮನೆ ಕೂಗಿಸುವುದರಿಂದ, ಬೇಸತ್ತ ಜನ ಅದರ ಬಾಯಿ ಕಟ್ಟಿಬಿಡುವುದೇ ಹೆಚ್ಚು. ಅಂಥಲ್ಲಿ ತಾಪವು ಗೊತ್ತಾದ ಮಟ್ಟವನ್ನು ಮೀರಿದಾಗಲೋ ಹಠಾತ್ತನೆ ಏರಿದಾಗಲೋ ಎಚ್ಚೆತ್ತುಕೊಳ್ಳುವ ಉಷ್ಣಶೋಧಕವೇ ಯೋಗ್ಯ. ಅದೂ ಪೂರ್ಣ ರಕ್ಷಣೆಯಲ್ಲ: ಹತ್ತಿಯ ಬೇಲಿನೊಳಗೆ ಕಿಡಿಯೊಂದು ಗಂಟೆಗಟ್ಟಲೆ ಶಾಖ ತೋರದೆ ಕನಲಬಲ್ಲುದಾದುದರಿಂದ, ಗೋದಾಮಿಗೆ ಕಾವಲುಗಾರನ ಸುತ್ತು ತಪ್ಪದು. ಭಾರತದಲ್ಲಿ ಈ ಉಪಕರಣಗಳ ಆಯ್ಕೆ, ಅಳವಡಿಕೆ, ನಿರ್ವಹಣೆಗಳಿಗೆ ಐಎಸ್ 2189 ಎಂಬ ಮಾನಕವಿದೆ.