ಕಪ್ಪು ಬಟ್ಟೆ, ತಿಳಿ ನೀರು: ತಿರುಪ್ಪೂರಿನ ಗಂಧಕ ಬಣ್ಣ ಮತ್ತು ನೊಯ್ಯಲ್ ನದಿ

ಕನ್ನಡ ಎಂ.ಎ. ಓದುವವರಿಗೆ ಬಟ್ಟೆಯ ಬಣ್ಣದ ರಸಾಯನಶಾಸ್ತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ಆದರೆ ಕೊಯಮತ್ತೂರು ಸೀಮೆ ನಮಗೆ ಹೊರಗಿನದಲ್ಲ. 1956ರವರೆಗೆ ಕೊಳ್ಳೇಗಾಲ ಅದೇ ಜಿಲ್ಲೆಯಲ್ಲಿತ್ತು. ಅಲ್ಲಿನ ದೇವಾಂಗ ನೇಕಾರರ ಮನೆಮಾತು ಇಂದಿಗೂ ಕನ್ನಡ. ನೇಯುವ ದಾಸಿಮಯ್ಯನನ್ನೂ ಬಟ್ಟೆ ಒಗೆಯುವ ಮಡಿವಾಳ ಮಾಚಿದೇವನನ್ನೂ ನಾವು ತರಗತಿಯಲ್ಲಿ ಓದುತ್ತೇವೆ. ಇವರಿಬ್ಬರ ನಡುವೆ ನಿಂತ ಬಣ್ಣಗಾರ, ಅವನು ಚೆಲ್ಲಿದ ನೀರು ನಮ್ಮ ಚರ್ಚೆಗೆ ಅಷ್ಟಾಗಿ ಬಂದಿಲ್ಲ.

ಮೊದಲು ಬಣ್ಣದ ಚರಿತ್ರೆ ನೋಡೋಣ. 1873ರಲ್ಲಿ ಫ್ರಾನ್ಸಿನ ಕ್ರೋಸಾಂ ಮತ್ತು ಬ್ರೆಟೊನಿಯೇರ್ ಮರದ ಹೊಟ್ಟಿನಂಥ ವಸ್ತುಗಳನ್ನು ಗಂಧಕದ ಲವಣದ ಜೊತೆ ಕಾಯಿಸಿ ಕಂದು ಬಣ್ಣ ಪಡೆದರು. 1893ರಲ್ಲಿ ವಿದಾಲ್ ಎಂಬಾತ ಗಂಧಕದ ಕಪ್ಪು ತಂದ. ಮುಂದೆ ಡೈನೈಟ್ರೋಫಿನಾಲ್‌ನಿಂದ ಮಾಡಿದ ಸಲ್ಫರ್ ಬ್ಲ್ಯಾಕ್ ಹತ್ತಿಗೆ ಅಗ್ಗದ ಕಪ್ಪು ಆಯಿತು.

ಈ ಬಣ್ಣ ನೀರಲ್ಲಿ ಕರಗಲ್ಲ. ಸೋಡಿಯಂ ಸಲ್ಫೈಡ್ ಹಾಕಿ ಕ್ಷಾರದ ನೀರಲ್ಲಿ ಕಾಯಿಸಿದರೆ ಗಂಧಕದ ಕೊಂಡಿಗಳು ಬಿಚ್ಚಿಕೊಂಡು ಕರಗುತ್ತದೆ, ನೂಲಿಗೆ ಇಳಿಯುತ್ತದೆ. ಆಮೇಲೆ ಗಾಳಿಯೋ ಹೈಡ್ರೋಜನ್ ಪೆರಾಕ್ಸೈಡೋ ತಾಗಿದಾಗ ಕೊಂಡಿಗಳು ಮತ್ತೆ ಸೇರಿ ಬಣ್ಣ ನೂಲಿನೊಳಗೇ ಗಟ್ಟಿಯಾಗುತ್ತದೆ. ಹಳೆಯ ನೀಲಿ ಬಾನಿಯ ತತ್ವವೂ ಹೆಚ್ಚುಕಡಿಮೆ ಇದೇ. ಉಳಿದ ಸಲ್ಫೈಡ್ ನೀರಿಗೆ ಆಮ್ಲ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಕೆಲಸಗಾರರ ಜೀವವನ್ನೇ ತೆಗೆಯಬಲ್ಲದು. ಕಪ್ಪು ಬಟ್ಟೆಗೂ ಅಪಾಯ ಇದೆ: ಬಹಳ ದಿನ ಇಟ್ಟರೆ ಗಂಧಕ ನಿಧಾನಕ್ಕೆ ಆಮ್ಲವಾಗಿ ನೂಲನ್ನು ತಿನ್ನುತ್ತದೆ.

ಇನ್ನು ತಿರುಪ್ಪೂರು. ಅಲ್ಲಿನ ಹತ್ತಿಯ ಬನಿಯನ್, ಟೀ ಶರ್ಟ್‌ಗಳಿಗೆ ಹೆಚ್ಚು ಬಳಕೆಯಾಗೋದು ರಿಯಾಕ್ಟಿವ್ ಬಣ್ಣ. ಸಲ್ಫರ್ ಬ್ಲ್ಯಾಕ್ ಬರೋದು ಅಗ್ಗದ ಗಾಢ ಕಪ್ಪಿಗೆ. ಎರಡಕ್ಕೂ ಬಣ್ಣ ನೂಲಿಗೆ ಹತ್ತಲು ಉಪ್ಪು ಬೇಕು, ರಿಯಾಕ್ಟಿವ್‌ಗೆ ಇನ್ನೂ ಹೆಚ್ಚು. ನನ್ನ ವಾದ ಇಲ್ಲಿದೆ. ಗಂಧಕದ ಮಾಲಿನ್ಯ ಮೂಗಿಗೆ ಬಡಿಯುತ್ತದೆ, ಬಣ್ಣದ್ದು ಕಣ್ಣಿಗೆ. ಉಪ್ಪಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಶುದ್ಧೀಕರಿಸಿದಾಗ ನೀರು ತಿಳಿಯಾಯಿತು, ಉಪ್ಪು ಹಾಗೇ ಉಳಿಯಿತು. ಬಣ್ಣ ಹೋಯಿತು, ಆದರೆ ಬಣ್ಣ ಬಯಲಾಗಲಿಲ್ಲ.

ಅದನ್ನು ಬಯಲು ಮಾಡಿದ್ದು ರೈತರ ಹೊಲ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುತ್ತದೆ. 1992ರಲ್ಲಿ ಒರತ್ತುಪಾಳಯಂ ಅಣೆಕಟ್ಟು ಮುಗಿದಾಗ ಅದು ನೀರಾವರಿಗೆ ಅಂತಲೇ ಇತ್ತು. ಕೊನೆಗೆ ಅಲ್ಲಿ ನಿಂತದ್ದು ಕಾರ್ಖಾನೆಗಳ ಉಪ್ಪುನೀರು. ಆ ನೀರು ಬೇಡ ಅಂತ ರೈತರೇ ಕೋರ್ಟಿಗೆ ಹೋದರು. ಹೊರಬಿಡುವ ನೀರಲ್ಲಿ ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದು ಅನ್ನೋದು ನಿಯಮ. ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆ ಆಗಬೇಕು ಅನ್ನುವಲ್ಲಿಗೆ ವಿವಾದ ಮುಟ್ಟಿತು. ಅದು ಈಡೇರದ್ದರಿಂದ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ನದಿಗೆ ನ್ಯಾಯ ಸಿಕ್ಕಿತು ಅಂದುಕೊಂಡರೂ, ಆ ದಿನ ಕೂಲಿ ಕಳೆದುಕೊಂಡವರು ಬಾನಿಯ ಪಕ್ಕ ನಿಂತಿದ್ದ ಕೆಲಸಗಾರರು.

ನೀರನ್ನು ಮರುಬಳಸುವ ಸ್ಥಾವರಗಳು ಬಂದ ಮೇಲೆ ಘಟಕಗಳು ಮತ್ತೆ ತೆರೆದವು. ನೀರು ಆವಿಯಾಗಿಸಿದ ಮೇಲೂ ಮಿಶ್ರ ಉಪ್ಪು ಉಳಿಯುತ್ತದೆ, ಅದನ್ನು ಎಲ್ಲೋ ಇಡಲೇಬೇಕು. ಅಗ್ಗದ ಕಪ್ಪಂಗಿಯ ಬೆಲೆಯಲ್ಲಿ ಈ ಲೆಕ್ಕ ಸೇರಿದೆಯಾ? ಜವಳಿಯ ಚರಿತ್ರೆ ಬರೆಯುವಾಗ ಮಗ್ಗದ ಜೊತೆಗೆ ಈ ಉಪ್ಪಿನ ಲೆಕ್ಕವನ್ನೂ ನಾವು ಓದಬೇಕು ಅನ್ನೋದು ನನ್ನ ವಿನಂತಿ. ನಿಮ್ಮ ಪ್ರಶ್ನೆಗಳಿಗೆ ಸ್ವಾಗತ.